ಇಪ್ಪತ್ತನಾಲ್ಕು ಕಡ್ಡಿಯ ಗೂಡುದೀಪ

ನವರಾತ್ರಿಯ ಹುಲಿವೇಷದ ತಾಸೆಯ ಸದ್ದು ಅಡಗುವ ಹೊತ್ತಿಗೆ ಕರಾವಳಿಯ ಪೇಟೆಗಳಲ್ಲಿ ಅಂಗಡಿ ಅಂಗಡಿಗಳ ಮುಂದೆ ಗೂಡುದೀಪಗಳು ತೂಗತೊಡಗುತ್ತವೆ. ಈಗ ಅವುಗಳಲ್ಲಿ ಹೆಚ್ಚಿನವು ಮಡಚಿ ಕೈಚೀಲಕ್ಕೆ ಹಾಕಿಕೊಳ್ಳಬಹುದಾದ ಪ್ಲಾಸ್ಟಿಕ್ಕಿನವು. ಬಿಚ್ಚಿ, ಕೊಕ್ಕೆಗೆ ಸಿಕ್ಕಿಸಿ, ಬಲ್ಬು ಇಳಿಬಿಟ್ಟರೆ ಕೆಲಸ ಮುಗಿಯಿತು. ಅದನ್ನು ಕೊಳ್ಳುವವರನ್ನು ನಾನು ದೂರುವುದಿಲ್ಲ. ಹಬ್ಬದ ವಾರದಲ್ಲಿ ಯಾರ ಮನೆಯಲ್ಲಿ ಬಿಡುವಿರುತ್ತದೆ? ಆದರೆ ಹಬ್ಬಕ್ಕೆಂದು ಮನೆಯಲ್ಲೇ ಮಾಡಬಹುದಾದ ಅಲಂಕಾರಗಳಲ್ಲಿ ಇದರಷ್ಟು ಸುಲಭವಾದದ್ದು, ಮಾಡಿದ ಮೇಲೆ ಇದರಷ್ಟು ಸಂತೋಷ ಕೊಡುವುದು ಇನ್ನೊಂದಿಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ. ಬೇಕಾಗುವುದು ಬಿದಿರಿನ ಕಡ್ಡಿ, ದಾರ, ಮೈದಾ, ಬಣ್ಣದ ಕಾಗದ. ಎರಡು ಸಂಜೆ ಮನೆಮಂದಿ ಚಾವಡಿಯಲ್ಲಿ ಒಟ್ಟಿಗೆ ಕುಳಿತರೆ ಸಾಕು.

ಗೂಡುದೀಪ ಅಂದರೆ ಕಡ್ಡಿಯ ಗೂಡಿಗೆ ಕಾಗದ ಹೊದಿಸಿ, ಒಳಗೊಂದು ದೀಪವಿಟ್ಟು, ಮನೆಯ ಮುಂದೆ ಎತ್ತರದಲ್ಲಿ ಕಟ್ಟುವುದು. ಧಾರವಾಡ, ಬೆಳಗಾವಿಯ ಕಡೆ ಇದೇ ಆಕಾಶಬುಟ್ಟಿ. ಮಹಾರಾಷ್ಟ್ರಕ್ಕೆ ಹೋದರೆ ಆಕಾಶಕಂದೀಲು. ಕಾರ್ತಿಕದಲ್ಲಿ ಎತ್ತರದ ಕಂಬದ ಮೇಲೆ ಆಕಾಶದೀಪ ಇಟ್ಟರೆ ಪಿತೃಗಳಿಗೆ ದಾರಿ ಕಾಣುತ್ತದೆ ಎಂಬ ನಂಬಿಕೆ ದೇಶದ ಹಲವೆಡೆ ಇದೆ. ತುಳುನಾಡಿನವರಿಗೆ ದೀಪಾವಳಿಯೆಂದರೆ ಬಲೀಂದ್ರ ಭೂಮಿಗೆ ಬರುವ ಪರ್ಬ. ಗದ್ದೆಯ ಬದುವಿನಲ್ಲಿ, ಹಟ್ಟಿಯಲ್ಲಿ, ಅಂಗಳದಲ್ಲಿ ದೀಪವಿಟ್ಟು ಅವನನ್ನು ಕೂಗಿ ಕರೆಯುತ್ತಾರೆ. ಬರುವವರು ಪಿತೃವಾಗಲಿ, ಬಲಿಯಾಗಲಿ, ದೂರದೂರಿನಿಂದ ರಾತ್ರಿ ಬಸ್ಸು ಹತ್ತಿ ಬರುವ ಮಗಳಾಗಲಿ, ಅವರಿಗೆ ಮೊದಲು ಕಾಣಬೇಕಾದದ್ದು ಮನೆಯ ಬೆಳಕು.

ಗೂಡಿಗೆ ಹತ್ತಾರು ಆಕಾರಗಳಿವೆ. ಹೊಸಬರು ಆರು ಚೌಕದ ಗೂಡಿನಿಂದ ಶುರುಮಾಡುವುದು ಒಳ್ಳೆಯದು. ಇದರ ಲೆಕ್ಕ ತುಂಬ ಚೆಂದ. ಒಂದೇ ಅಳತೆಯ 24 ಕಡ್ಡಿಗಳಿಂದ ಆರು ಚೌಕ ಕಟ್ಟಬೇಕು. ಆ ಚೌಕಗಳನ್ನು ಮೂಲೆಗೆ ಮೂಲೆ ಸೇರಿಸಿ ಕಟ್ಟುತ್ತ ಹೋದರೆ ನಡುನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಮೂಡುತ್ತವೆ. ತ್ರಿಕೋನಕ್ಕೆಂದು ಒಂದು ಕಡ್ಡಿಯನ್ನೂ ಬೇರೆ ಕತ್ತರಿಸಬೇಕಾಗಿಲ್ಲ. ಇನ್ನೂ ಒಂದು ವಿಶೇಷವಿದೆ: ಗೂಡಿನ ನಟ್ಟನಡುವಿನಿಂದ ಹನ್ನೆರಡು ಮೂಲೆಗಳಿಗೂ ಒಂದೇ ದೂರ, ಅದೂ ಸರಿಯಾಗಿ ಒಂದು ಕಡ್ಡಿಯಷ್ಟು. ನಡುವೆ ತೂಗಿಬಿಟ್ಟ ದೀಪದ ಬೆಳಕು ಎಲ್ಲ ಮೂಲೆಗೂ ಸಮನಾಗಿ ತಲುಪುವುದು ಇದರಿಂದಲೇ.

ಕಡ್ಡಿಯ ವಿಚಾರದಲ್ಲಿ ಅವಸರ ಸಲ್ಲದು. ಚೆನ್ನಾಗಿ ಬಲಿತ ಬಿದಿರಿನಲ್ಲಿ ಎರಡು ಗಂಟುಗಳ ನಡುವಿನ ತುಂಡು ತೆಗೆದುಕೊಂಡರೆ ಸೀಳು ನೇರವಾಗಿ ಹೋಗುತ್ತದೆ. ಸೀಳಿದ ಮೇಲೆ ಒಳಗಿನ ಮೆತ್ತನೆಯ ಭಾಗವನ್ನು ಕತ್ತಿಯಿಂದ ಹೆರೆದು ತೆಗೆದು, ಹೊರಸಿಪ್ಪೆಯ ಕಡೆಯ ಪದರವನ್ನಷ್ಟೇ ಉಳಿಸಿಕೊಳ್ಳಬೇಕು. ಬಿದಿರಿನ ಬಲವೆಲ್ಲ ಇರುವುದು ಆ ಸಿಪ್ಪೆಯ ಬದಿಯಲ್ಲಿ. ಒಳಪದರ ಬಾಗಿಸಿದರೆ ಮುರಿಯುತ್ತದೆ. ಅರ್ಧ ಸೆಂ.ಮೀ. ಅಗಲ, ಅದಕ್ಕಿಂತ ಕಡಿಮೆ ದಪ್ಪ ಇದ್ದರೆ ಸಾಕು. ಅಂಚುಗಳಿಗೆ ಉಪ್ಪುಕಾಗದ ಉಜ್ಜಲೇಬೇಕು, ಮಕ್ಕಳ ಕೈಗೆ ಬಿದಿರಿನ ಸಿಬಿರು ಹೊಕ್ಕರೆ ಹಬ್ಬವೇ ಕೆಡುತ್ತದೆ. ಪೇಟೆಯಲ್ಲಿರುವವರಿಗೆ ಬಿದಿರು ಎಲ್ಲಿಂದ ಬರಬೇಕು ಎಂದರೆ, ಬುಟ್ಟಿ, ಮೊರ ಹೆಣೆಯುವ ಮೇದರನ್ನು ಕೇಳಿ. ಅಳತೆ ಹೇಳಿದರೆ ಅವರೇ ಸೀಳಿ, ಹೆರೆದು ಕೊಡುತ್ತಾರೆ. ಅವರ ಕೈಯಲ್ಲಿ ಬಿದಿರು ಸೀಳಿಕೊಳ್ಳುವುದನ್ನು ಮಕ್ಕಳನ್ನು ಕರೆದೊಯ್ದು ತೋರಿಸಿದರೆ ಅದೂ ಒಂದು ಪಾಠ.

ಅಳತೆ ಹೀಗಿರಲಿ. ಕಡ್ಡಿಯ ಉದ್ದ 27 ಸೆಂ.ಮೀ. ಎರಡೂ ತುದಿಯಿಂದ ಒಂದೊಂದು ಸೆಂ.ಮೀ. ಒಳಗೆ ಪೆನ್ಸಿಲಿನ ಗುರುತು. ಕಟ್ಟು ಬೀಳಬೇಕಾದದ್ದು ಗುರುತಿನ ಮೇಲೆ. ಹಾಗೆ ಮಾಡಿದರೆ ಕಟ್ಟಿನಿಂದ ಕಟ್ಟಿಗೆ 25 ಸೆಂ.ಮೀ., ಪೂರ್ತಿ ಗೂಡಿನಲ್ಲಿ ಎದುರುಬದುರು ಮೂಲೆಗಳ ನಡುವೆ 50 ಸೆಂ.ಮೀ. ಇಪ್ಪತ್ತನಾಲ್ಕೂ ಸೇರಿ ಸುಮಾರು ಆರೂವರೆ ಮೀಟರ್ ಕಡ್ಡಿ ಬೇಕು. ಕಟ್ಟಲು ಹಿಂದೆ ಬಾಳೆಯ ನಾರು ಇತ್ತು. ಈಗ ದಪ್ಪನೆಯ ಹೊಲಿಗೆ ದಾರವನ್ನೇ ಎರಡೆಳೆ ಮಾಡಿಕೊಂಡರೆ ಆಗುತ್ತದೆ. ಒಂದು ಚೌಕವನ್ನು ನೆಲದ ಮೇಲಿಡಿ. ಅದರ ನಾಲ್ಕು ಮೂಲೆಗಳಿಗೂ ಒಂದೊಂದು ಚೌಕವನ್ನು, ಅದರ ಮೂಲೆ ಕೆಳಮುಖವಾಗಿ ಬರುವಂತೆ ನಿಲ್ಲಿಸಿ ಕಟ್ಟಿ. ನಿಂತ ನಾಲ್ಕು ಚೌಕಗಳ ಪಕ್ಕದ ಮೂಲೆಗಳನ್ನು ಒಂದಕ್ಕೊಂದು ಸೇರಿಸಿ. ಕೊನೆಗೆ ಆರನೆಯ ಚೌಕವನ್ನು ಮೇಲೆ ಮುಚ್ಚಳದ ಹಾಗೆ ಕೂರಿಸಿ ಅದರ ನಾಲ್ಕು ಮೂಲೆ ಕಟ್ಟಿ. ಅಲ್ಲಿಗೆ ಹನ್ನೆರಡು ಮೂಲೆಯೂ ಮುಗಿಯಿತು.

ಈ ಹಂತದಲ್ಲಿ ಹೆಚ್ಚಿನವರು ಎದೆಗುಂದುತ್ತಾರೆ. ಕಟ್ಟಿದ ಗೂಡು ಕೈಯಲ್ಲಿ ಹಿಡಿದರೆ ಅತ್ತಿತ್ತ ತಿರುಚಿಕೊಳ್ಳುತ್ತದೆ, ಒತ್ತಿದರೆ ಕುಸಿಯುತ್ತದೆ. ಕಟ್ಟು ಸಡಿಲವಾಯಿತೆಂದುಕೊಂಡು ಬಿಚ್ಚಿ ಮತ್ತೆ ಕಟ್ಟಲು ಹೋಗುತ್ತಾರೆ. ಕಟ್ಟಿನಲ್ಲಿ ದೋಷವಿಲ್ಲ. ತ್ರಿಕೋನ ತನ್ನ ಆಕಾರವನ್ನು ಬಿಡುವುದಿಲ್ಲ, ಚೌಕ ಬಿಡುತ್ತದೆ. ಎಷ್ಟು ಬಿಗಿದರೂ ಅದು ವಾಲುತ್ತದೆ. ಅದಕ್ಕೆ ಮದ್ದು ಕರ್ಣ. ಮೇಲಿನ ಮತ್ತು ಕೆಳಗಿನ ಚೌಕಗಳಿಗೆ ಮೂಲೆಯಿಂದ ಮೂಲೆಗೆ ಒಂದೊಂದು ಅಡ್ಡಕಡ್ಡಿ ಕಟ್ಟಿ. ಕಟ್ಟಿನಿಂದ ಕಟ್ಟಿಗೆ 35 ಸೆಂ.ಮೀ.ಗಿಂತ ಒಂದು ಕೂದಲು ಹೆಚ್ಚು ಬಂದರೆ ಚೌಕ ನೆಟ್ಟಗಿದೆ ಎಂದರ್ಥ. ಪಕ್ಕದ ನಾಲ್ಕು ಚೌಕಗಳಿಗೆ ಬಿಳಿ ದಾರವನ್ನು ಎರಡೂ ಮೂಲೆಗಳಿಂದ ಅಡ್ಡಡ್ಡ ಬಿಗಿದರೆ ಸಾಕು. ಆರು ಚೌಕಕ್ಕೂ ಕರ್ಣ ಬಿದ್ದ ಕ್ಷಣದಲ್ಲಿ ಅಷ್ಟು ಹೊತ್ತು ಓಲಾಡುತ್ತಿದ್ದ ಗೂಡು ಕಲ್ಲಿನ ಹಾಗೆ ನಿಲ್ಲುತ್ತದೆ. ಎಂಟನೇ ತರಗತಿಯ ರೇಖಾಗಣಿತ ಬೇಸರವೆನ್ನುವ ಹುಡುಗ ಹುಡುಗಿಯರ ಕೈಗೆ ಈ ಕೊನೆಯ ದಾರವನ್ನು ಕೊಟ್ಟು ಬಿಗಿಯಲು ಹೇಳಿ, ಅವರ ಮುಖ ನೋಡಿ.

ಇನ್ನು ಅಂಟು. ಎರಡು ದೊಡ್ಡ ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಲೋಟ ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿದ್ದರೆ ಬಿಳುಪು ಹೋಗಿ ಗಂಜಿಯ ಹದಕ್ಕೆ ಬರುತ್ತದೆ. ಆರಿದ ಮೇಲೆ ಬಳಸಬೇಕು. ಮೈದಾ ಅಂಟಿಗೆ ಜಿರಲೆ, ಇರುವೆ ಬರುತ್ತವೆಂದು ಹಿಂದಿನವರು ಚಿಟಿಕೆ ಮೈಲುತುತ್ತು ಬೆರೆಸುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ತೋಟದ ಮನೆಗಳಲ್ಲಿ ಅದು ಹೇಗೂ ಇರುತ್ತಿತ್ತು. ಆದರೆ ಅದು ವಿಷ. ಮಕ್ಕಳು ಬೆರಳಲ್ಲಿ ಸವರುವ ಅಂಟಿಗೆ ಖಂಡಿತ ಬೇಡ. ಎರಡು ವಾರದ ಹಬ್ಬಕ್ಕೆ ಬರಿಯ ಮೈದಾ ಸಾಕು.

ಕಾಗದದಲ್ಲಿ ಎರಡು ಜಾತಿ. ಒಂದು, ಆಚೆಗಿನದು ಕಾಣುವ ಮಿರುಗುವ ಗ್ಲಾಸ್ ಪೇಪರ್. ಇನ್ನೊಂದು, ಗಾಳಿಪಟಕ್ಕೆ ಬಳಸುವ ತೆಳ್ಳನೆಯ ಕಾಗದ. ಅಂಗಡಿಯಲ್ಲಿ ನೋಡುವಾಗ ಗ್ಲಾಸ್ ಪೇಪರಿನದೇ ಆಕರ್ಷಣೆ. ನನ್ನ ಮತ ಮಾತ್ರ ಗಾಳಿಪಟದ ಕಾಗದಕ್ಕೆ. ಗ್ಲಾಸ್ ಪೇಪರಿನ ಹಿಂದೆ ಬಲ್ಬು ಬಲ್ಬಾಗಿಯೇ ಕಂಡು ಕಣ್ಣಿಗೆ ಚುಚ್ಚುತ್ತದೆ. ತೆಳುಕಾಗದ ಬೆಳಕನ್ನು ತನ್ನೊಳಗೆ ಹೀರಿಕೊಂಡು ಇಡೀ ಹಾಳೆಯೇ ಉರಿಯುವಂತೆ ಹರಡುತ್ತದೆ. ಜೊತೆಗೆ ಗ್ಲಾಸ್ ಪೇಪರಿಗೆ ಮೈದಾ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಫೆವಿಕಾಲ್ ಬೇಕಾಗುತ್ತದೆ. ಮೇಲಿನ ಚೌಕವನ್ನು ಬಿಸಿ ಹೋಗಲು, ಕೆಳಗಿನದನ್ನು ಕೈ ಹಾಕಿ ದೀಪ ಸರಿಮಾಡಲು ತೆರೆದೇ ಬಿಡಬೇಕು. ಉಳಿದ ನಾಲ್ಕು ಚೌಕ, ಎಂಟು ತ್ರಿಕೋನಗಳಿಗೆ, ಮಡಚಲು ಒಂದೊಂದು ಸೆಂ.ಮೀ. ಅಂಚು ಬಿಟ್ಟು ಕಾಗದ ಕತ್ತರಿಸಿ, ಅಂಟನ್ನು ಕಾಗದಕ್ಕಲ್ಲ, ಕಡ್ಡಿಗೆ ಸವರಿ ಹೊದಿಸಬೇಕು. ಬಿಳಿಯ ಕಾಗದವಾದರೆ, ಅಂಟು ಪೂರ್ತಿ ಒಣಗಿದ ಮೇಲೆ ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ದೂರ ನಿಂತು ತುಂತುರು ನೀರು ಸಿಂಪಡಿಸಿ. ಒಣಗುತ್ತ ಒಣಗುತ್ತ ಸುಕ್ಕೆಲ್ಲ ಎಳೆದುಕೊಂಡು ಚೆಂಡೆಯ ಚರ್ಮದಂತೆ ಬಿಗಿದುಕೊಳ್ಳುತ್ತದೆ. ಬಣ್ಣದ ಕಾಗದಕ್ಕೆ ಈ ಉಪಾಯ ಮಾಡಬಾರದು, ಬಣ್ಣ ಇಳಿದುಬಿಡುತ್ತದೆ.

ಬಣ್ಣಗಳ ಆಯ್ಕೆ ಅವರವರ ಇಷ್ಟ. ನಾನು ಕಂಡಂತೆ ಚೌಕಗಳಿಗೆ ಬಿಳಿ, ತ್ರಿಕೋನಗಳಿಗೆ ಕೆಂಪು ಅಥವಾ ಹಳದಿ ಹಾಕಿದ ಗೂಡು ದೂರದಿಂದ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಆರು ಬಣ್ಣ ಬೆರೆಸಿದರೆ ಹಗಲು ಚೆಂದ, ರಾತ್ರಿ ಗಜಿಬಿಜಿ. ಬಿಳಿ ಚೌಕದ ಮೇಲೆ ಚಿನ್ನದ ಕಾಗದದ ಚಿತ್ತಾರ ಅಂಟಿಸುವುದು ಮಕ್ಕಳ ಪಾಲಿನ ಕೆಲಸ: ಚೌಕಾಕಾರದ ಕಾಗದವನ್ನು ಮೂರು ಸಲ ಮಡಚಿ, ಅಂಚುಗಳಲ್ಲಿ ಮನಬಂದಂತೆ ಕತ್ತರಿಯಾಡಿಸಿ ಬಿಚ್ಚಿದರೆ ರಂಗೋಲಿ ಸಿದ್ಧ. ಬಾಲ ಮಾಡುವುದಕ್ಕೆ ಹಾಳೆಯನ್ನು ಉದ್ದಕ್ಕೆ ಮಡಚಿಟ್ಟು, ಒಂದು ಸಲ ಎಡ ಅಂಚಿನಿಂದ, ಒಂದು ಸಲ ಬಲ ಅಂಚಿನಿಂದ, ಎದುರಂಚು ಮುಟ್ಟದಂತೆ ಕತ್ತರಿಸುತ್ತ ಹೋಗಬೇಕು. ಬಿಚ್ಚಿ ಮೆಲ್ಲಗೆ ಎಳೆದರೆ ಬಲೆಯಾಗಿ ಇಳಿಯುತ್ತದೆ. ಕೆಳಗಿನ ನಾಲ್ಕು ಮೂಲೆಗೂ ಒಂದೊಂದು ಬಾಲ ಬೇಕು. ಬಾಲವಿಲ್ಲದ ಗೂಡುದೀಪ ಗಾಳಿಗೆ ಸುಮ್ಮನೆ ತೂಗುತ್ತದೆ, ಬಾಲವಿದ್ದರೆ ಆಡುತ್ತದೆ.

ದೀಪಾವಳಿ ಬರುವುದು ಹಿಂಗಾರಿನ ಗುಡುಗುಮಳೆಯ ಕಾಲದಲ್ಲಿ. ಕರಾವಳಿ, ಮಲೆನಾಡಿನಲ್ಲಿ ಸಂಜೆ ಮಳೆ ಯಾವಾಗ ಸುರಿಯುತ್ತದೆ ಎಂದು ಹೇಳಲಾಗದು. ಕಾಗದದ ಗೂಡಿಗೆ ಮಾಡಿನ ಅಂಚಿನ ಒಳಗೇ ಜಾಗ ನೋಡಬೇಕು. ಕರೆಂಟು ಇಲ್ಲದ ಕಾಲದಲ್ಲಿ ಒಳಗೆ ಹಣತೆಯಿಟ್ಟು, ಗಾಳಿ ನೋಡಿಕೊಂಡು ಹಗ್ಗದಿಂದ ಏರಿಸುತ್ತಿದ್ದರು. ಈಗ 5 ವ್ಯಾಟಿನ ಎಲ್‌ಇಡಿ ಬಲ್ಬು ಸಾಕು. ಹಳದಿ ಛಾಯೆಯದು ಇರಲಿ, ನೀಲಿ ಬಿಳುಪಿನದು ಕೆಂಪು ಕಾಗದವನ್ನು ಮಂಕು ಮಾಡುತ್ತದೆ. ಹೋಲ್ಡರನ್ನು ಮೇಲಿನ ಅಡ್ಡಕಡ್ಡಿಗೆ ಕಟ್ಟಿ, ಬಲ್ಬು ಸರಿಯಾಗಿ ನಡುವೆ ಬರುವಂತೆ ಇಳಿಬಿಡಿ. ಹಳೆಯ 60 ವ್ಯಾಟಿನ ಬಲ್ಬು ಮನೆಯಲ್ಲಿ ಉಳಿದಿದ್ದರೂ ಕಾಗದದ ಬಳಿ ತರಬೇಡಿ.

ದೊಡ್ಡ ಗೂಡಿನ ಸುತ್ತ ಮರಿಗಳನ್ನು ಕಟ್ಟುವ ಪದ್ಧತಿಯೂ ಇದೆ. ಮರಿಗೆ ಬಿದಿರು ಬೇಕಿಲ್ಲ, ಹಿಡಿಸೂಡಿಯ ಕಡ್ಡಿ ಸಾಕು. ತೆಂಗಿನ ಗರಿಯ ಆ ಕಡ್ಡಿಯನ್ನು ಎಂಟು ಸೆಂ.ಮೀ. ತುಂಡು ಮಾಡಿ ಇದೇ ಲೆಕ್ಕದಲ್ಲಿ ಕಟ್ಟಿದರೆ ಅಂಗೈ ಮೇಲೆ ಕೂರುವ ಗೂಡು. ದೀಪಾವಳಿ ಮುಗಿದರೂ ಇವುಗಳಿಗೆ ಕೆಲಸ ತಪ್ಪುವುದಿಲ್ಲ. ಹುಟ್ಟುಹಬ್ಬಕ್ಕೆ, ನಾಮಕರಣಕ್ಕೆ, ಮದರಂಗಿಯ ರಾತ್ರಿಗೆ ಬಲೂನಿನ ಬದಲು ಹತ್ತಿಪ್ಪತ್ತು ಮರಿಗಳನ್ನು ಸೀರಿಯಲ್ ಲೈಟಿನ ಸರಕ್ಕೆ, ಒಂದೊಂದು ಬಲ್ಬು ಒಂದೊಂದರ ಒಳಗೆ ಬರುವಂತೆ ಪೋಣಿಸಿ ಚಪ್ಪರದಡಿ ಇಳಿಬಿಟ್ಟು ನೋಡಿ. ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ಕಟ್ಟಿದ ಮರಿಗಳನ್ನೂ ಕಾಗದ, ಅಂಟನ್ನೂ ಕೊಟ್ಟು ಕೂರಿಸಿದರೆ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಹೊರಡುವಾಗ ತಾವೇ ಕಾಗದ ಹಚ್ಚಿದ್ದನ್ನು ಕೈಯಲ್ಲಿ ಹಿಡಿದು ಹೋಗುತ್ತಾರೆ.

ಈ ಕೈಗೆಲಸ ಎಲ್ಲಿಯವರೆಗೆ ಹೋಗಬಲ್ಲದು ಎಂದು ನೋಡಬೇಕಾದರೆ ಮಂಗಳೂರಿನ ಕುದ್ರೋಳಿಗೆ ಹೋಗಬೇಕು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥೇಶ್ವರ ಕ್ಷೇತ್ರದ ಅಂಗಳದಲ್ಲಿ ‘ನಮ್ಮ ಕುಡ್ಲ’ ವಾಹಿನಿ ದೀಪಾವಳಿಯ ಹೊತ್ತಿಗೆ ಗೂಡುದೀಪ ಸ್ಪರ್ಧೆ ನಡೆಸುತ್ತದೆ. ಸಾಂಪ್ರದಾಯಿಕ, ಆಧುನಿಕ ಎಂದು ವಿಭಾಗಗಳು. ಕಾಗದದ ಜಾಗದಲ್ಲಿ ಧಾನ್ಯ, ಅಡಿಕೆ ಹಾಳೆ, ಬೈಹುಲ್ಲು ಬಂದಿರುತ್ತವೆ. ಅವನ್ನು ಮೆಚ್ಚಿ ನೋಡುತ್ತ ನಿಂತರೂ ನನ್ನ ಕಾಲು ಕೊನೆಗೆ ಎಳೆಯುವುದು ಸಾಂಪ್ರದಾಯಿಕ ಸಾಲಿನ ಕಡೆಗೇ. ಅಲ್ಲಿ ಗೆಲ್ಲುವುದು ಕಟ್ಟಿನ ಅಚ್ಚುಕಟ್ಟು, ಕತ್ತರಿಯ ಸೂಕ್ಷ್ಮ. ದುಬಾರಿ ಸಾಮಗ್ರಿಗೆ ಅಲ್ಲಿ ಬೆಲೆಯಿಲ್ಲ. ಸಮುದ್ರದಾಚೆಯ ಶ್ರೀಲಂಕಾದಲ್ಲೂ ಬುದ್ಧನ ವೆಸಾಕ್ ಹಬ್ಬಕ್ಕೆ ಮನೆಮನೆಯಲ್ಲಿ ಹೀಗೆಯೇ ಕಡ್ಡಿಯ ಚೌಕ ಕಟ್ಟಿ, ತೆಳುಕಾಗದ ಹೊದಿಸಿ, ಬಾಲ ಇಳಿಬಿಡುತ್ತಾರೆ.

ಹಬ್ಬ ಕಳೆದ ಮೇಲೆ ಗೂಡನ್ನು ಎಸೆಯಬೇಡಿ. ಕಾಗದವನ್ನು ಒದ್ದೆ ಬಟ್ಟೆಯಿಂದ ನೆನೆಸಿ ಕಿತ್ತು, ಕಡ್ಡಿಯ ಮೇಲಿನ ಅಂಟನ್ನು ಒರೆಸಿ, ಚೆನ್ನಾಗಿ ಒಣಗಿಸಿ ಅಟ್ಟದ ಜಂತಿಗೆ ನೇತುಹಾಕಿ. ಅಂಟು ಉಳಿದರೆ ಜಿರಲೆ, ತೇವ ಉಳಿದರೆ ಬೂಸ್ಟು.

ಉಳಿದ ಕಡ್ಡಿ ಡಿಸೆಂಬರಿಗೆ ಇರಲಿ. ಕ್ರಿಸ್ಮಸ್ಸಿಗೆ ಕಟ್ಟುವ ನಕ್ಷತ್ರವೂ ಇದೇ ಬಿದಿರು, ಇದೇ ಅಂಟು, ಇದೇ ಕಾಗದದ್ದು. ಐದೈದು ಕಡ್ಡಿಯ ಎರಡು ನಕ್ಷತ್ರಗಳನ್ನು ಒಂದರ ಮೇಲೊಂದು ಇಟ್ಟು ಐದು ತುದಿಗಳಲ್ಲಿ ಕಟ್ಟಿ, ನಡುವಿನ ಐದು ಒಳಮೂಲೆಗಳಲ್ಲಿ ಎರಡನ್ನೂ ದೂರ ಸರಿಸಿ ಗೇಣಿಗಿಂತ ಚಿಕ್ಕ ಊರುಗೋಲು ಕೊಟ್ಟರೆ ಹೊಟ್ಟೆ ಉಬ್ಬಿ ದೀಪಕ್ಕೆ ಜಾಗವಾಗುತ್ತದೆ. ತುದಿಗಳ ಕಟ್ಟು ಮೊದಲು, ಊರುಗೋಲು ಆಮೇಲೆ. ತಿರುಗುಮುರುಗಾದರೆ ತುದಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ.