ಮೆಲಟೋನಿನ್ ಗಮ್ಮಿ ಕೊಳ್ಳುವ ಮೊದಲು ತಿಳಿಯಿರಿ: ಪೀನಿಯಲ್ ಗ್ರಂಥಿ ನಿಜವಾಗಿ ಮಾಡುವ ಕೆಲಸವೇನು?

ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಮೊಬೈಲ್‌ನಲ್ಲಿ ಒಮ್ಮೆ ಹುಡುಕಿ ನೋಡಿ. ಮರುದಿನದಿಂದ ಎರಡು ಬಗೆಯ ಜಾಹೀರಾತು ನಿಮ್ಮ ಬೆನ್ನು ಹತ್ತುತ್ತವೆ. ಒಂದು, ಹಣ್ಣಿನ ರುಚಿಯ ಮೆಲಟೋನಿನ್ ಗಮ್ಮಿಗಳದ್ದು. ಇನ್ನೊಂದು, ಮೆದುಳಿನ ಪೀನಿಯಲ್ ಗ್ರಂಥಿಯನ್ನು ಶುದ್ಧಿ ಮಾಡಿ 'ಮೂರನೇ ಕಣ್ಣು' ತೆರೆಸುತ್ತೇವೆ ಎನ್ನುವ ವಿಡಿಯೊಗಳದ್ದು. ಎರಡರಲ್ಲೂ ಕೇಳಿಬರುವುದು ಒಂದೇ ಪುಟ್ಟ ಗ್ರಂಥಿಯ ಹೆಸರು.

ಆ ಗ್ರಂಥಿಯ ಅಸಲಿ ಕೆಲಸ ಈ ಎರಡೂ ಜಾಹೀರಾತುಗಳು ಹೇಳುವುದಕ್ಕಿಂತ ಬೇರೆ. ಹೊರಗೆ ಕತ್ತಲಾಗಿದೆ ಎಂಬ ಸುದ್ದಿಯನ್ನು ರಕ್ತದ ಮೂಲಕ ಇಡೀ ದೇಹಕ್ಕೆ ಮುಟ್ಟಿಸುವುದು ಅದರ ಕೆಲಸ. ಸುದ್ದಿ ಕೇಳಿ ಏನು ಮಾಡಬೇಕೆಂಬುದನ್ನು ದೇಹದ ಉಳಿದ ಅಂಗಗಳು ನೋಡಿಕೊಳ್ಳುತ್ತವೆ. ಇಷ್ಟು ಅರ್ಥವಾದರೆ ಗಮ್ಮಿ ಯಾರಿಗೆ ಕೆಲಸ ಮಾಡುತ್ತದೆ, ಯಾರಿಗೆ ಇಲ್ಲ, ನೈಟ್ ಶಿಫ್ಟ್‌ನವರ ಮೈ ಯಾಕೆ ಕೆಡುತ್ತದೆ ಎಂಬುದೂ ಅರ್ಥವಾಗುತ್ತದೆ.

ತಲೆಯ ನಟ್ಟನಡುವೆ ಒಂಟಿ ಗ್ರಂಥಿ

ಮೆದುಳಿನ ಎಡ ಮತ್ತು ಬಲ ಭಾಗಗಳ ನಡುವೆ, ಆಳದಲ್ಲಿ ಪೀನಿಯಲ್ ಕುಳಿತಿದೆ. ಉದ್ದ ಒಂದು ಸೆಂಟಿಮೀಟರ್‌ಗೂ ಕಡಿಮೆ, ತೂಕ ಸುಮಾರು 0.1 ಗ್ರಾಂ. ಪೈನ್ ಮರದ ಕಾಯಿಯನ್ನು ಹೋಲುವುದರಿಂದ ಈ ಹೆಸರು ಬಂತು. ಮೆದುಳಿನ ಬಹುತೇಕ ಭಾಗಗಳು ಎಡಕ್ಕೊಂದು ಬಲಕ್ಕೊಂದು ಎಂಬಂತೆ ಜೋಡಿಯಾಗಿದ್ದರೆ ಇದೊಂದು ಒಂಟಿ. ಫ್ರೆಂಚ್ ತತ್ವಜ್ಞಾನಿ ರೆನೆ ಡೆಕಾರ್ಟ್‌ನ ಕಣ್ಣಿಗೆ ಬಿದ್ದದ್ದು ಈ ಒಂಟಿತನವೇ. ಆತ್ಮ ದೇಹವನ್ನು ನಡೆಸುವುದು ಇಲ್ಲಿಂದಲೇ ಎಂದು ಆತ 1649ರಲ್ಲಿ ಬರೆದ. ಅಂಗರಚನೆ ಬಲ್ಲವರು ಅದನ್ನು ಬೇಗನೆ ತಳ್ಳಿಹಾಕಿದರು.

'ಮೂರನೇ ಕಣ್ಣು' ಎಂಬ ಮಾತಿನಲ್ಲಿ ಮಾತ್ರ ಒಂದಿಷ್ಟು ನಿಜವಿದೆ, ಆದರೆ ಅದು ಮನುಷ್ಯರ ವಿಷಯವಲ್ಲ. ಬೇಲಿ ಮೇಲೆ ಕೂತು ತಲೆಯಾಡಿಸುವ ಓತಿಕ್ಯಾತನ ನೆತ್ತಿಯ ಮೇಲೆ ಬೆಳಕನ್ನು ಗುರುತಿಸುವ ಸಣ್ಣ ಚುಕ್ಕಿಯೊಂದಿದೆ. ಅದು ಪೀನಿಯಲ್‌ನ ಹತ್ತಿರದ ನೆಂಟ. ಮೀನು, ಕಪ್ಪೆ, ಹಕ್ಕಿಗಳಲ್ಲಿ ಪೀನಿಯಲ್ ಕೋಶಗಳೇ ತಲೆಬುರುಡೆ ದಾಟಿ ಬಂದ ಬೆಳಕನ್ನು ಗ್ರಹಿಸುತ್ತವೆ. ಸಸ್ತನಿಗಳಿಗೆ ಬರುವಷ್ಟರಲ್ಲಿ ಆ ಶಕ್ತಿ ಹೋಗಿದೆ. ಇನ್ನು ಶಿವನ ಹಣೆಗಣ್ಣಿಗೂ ಪೀನಿಯಲ್‌ಗೂ ಗಂಟು ಹಾಕಿದ್ದನ್ನು ನಮ್ಮ ಹಳೆಯ ಶಾಸ್ತ್ರದ ಮಾತು ಎಂದು ಹಲವರು ನಂಬಿದ್ದಾರೆ. ಅದನ್ನು ಜನಪ್ರಿಯಗೊಳಿಸಿದ್ದು 19ನೇ ಶತಮಾನದ ಕೊನೆಯಲ್ಲಿ ಹೆಲೆನಾ ಬ್ಲಾವಟ್ಸ್ಕಿ. ಚೆನ್ನೈನ ಅಡ್ಯಾರ್‌ನಲ್ಲಿ ಇಂದಿಗೂ ಕೇಂದ್ರ ಕಚೇರಿ ಇರುವ ಥಿಯಾಸಫಿಕಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರು ಆಕೆ.

ಕಣ್ಣಿನಿಂದ ಕುತ್ತಿಗೆಗೆ, ಅಲ್ಲಿಂದ ಮತ್ತೆ ತಲೆಗೆ

ನಮ್ಮ ಪೀನಿಯಲ್‌ಗೆ ಬೆಳಕು ಕಾಣುವುದಿಲ್ಲ ಎಂದಮೇಲೆ ಅದಕ್ಕೆ ಹಗಲು-ರಾತ್ರಿ ತಿಳಿಯುವುದು ಹೇಗೆ? ಸುದ್ದಿ ಬರುವುದು ಕಣ್ಣಿನಿಂದ. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಚಿತ್ರ ನೋಡುವ ಕೋಶಗಳಲ್ಲದೆ, ಮೆಲನೋಪ್ಸಿನ್ ಎಂಬ ವಸ್ತುವಿರುವ ಬೇರೆಯೇ ಕೆಲವು ಕೋಶಗಳಿವೆ. ಅವುಗಳಿಗೆ ಆಕಾರ ಮುಖ್ಯವಲ್ಲ, ಸುತ್ತ ಎಷ್ಟು ಬೆಳಕಿದೆ ಎಂಬುದಷ್ಟೇ ಬೇಕು. ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ.

ಈ ಕೋಶಗಳ ಸಂದೇಶ ಮೊದಲು ಮೆದುಳಿನ ತಳದಲ್ಲಿರುವ, ಸುಮಾರು 20,000 ನರಕೋಶಗಳ ಒಂದು ಗುಂಪಿಗೆ ಹೋಗುತ್ತದೆ. ದೇಹದ ಮುಖ್ಯ ಗಡಿಯಾರ ಅದೇ. ಅಲ್ಲಿಂದ ಪೀನಿಯಲ್‌ಗೆ ಕೆಲವೇ ಸೆಂಟಿಮೀಟರ್ ದೂರ. ಸಂದೇಶ ಮಾತ್ರ ನೇರ ದಾರಿ ಹಿಡಿಯುವುದಿಲ್ಲ. ಬೆನ್ನುಹುರಿಯಲ್ಲಿ ಎದೆಯ ಮಟ್ಟದವರೆಗೆ ಇಳಿದು, ಹೊರಬಂದು, ಕುತ್ತಿಗೆಯಲ್ಲಿರುವ ನರಗಂಟಿಗೆ ಹತ್ತಿ, ಮತ್ತೆ ತಲೆಯೊಳಗೆ ಹೋಗುತ್ತದೆ. ದಾದರ್‌ನಿಂದ ಮಾಟುಂಗಾಕ್ಕೆ ಹೋಗಲು ಥಾಣೆ ಸುತ್ತಿದಂತೆ! ಅದಕ್ಕೇ ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ತುಂಡಾದವರಲ್ಲಿ, ಪೀನಿಯಲ್‌ಗೆ ಏನೂ ಆಗಿರದಿದ್ದರೂ, ರಾತ್ರಿ ಮೆಲಟೋನಿನ್ ಏರುವುದಿಲ್ಲ.

ಕತ್ತಲಾದಾಗ ಈ ನರಗಳು ಪೀನಿಯಲ್‌ಗೆ ಅಪ್ಪಣೆ ಕೊಡುತ್ತವೆ. ಆಹಾರದ ಪ್ರೋಟೀನ್‌ನಲ್ಲಿರುವ ಟ್ರಿಪ್ಟೋಫ್ಯಾನ್‌ನಿಂದ ಸೆರೊಟೋನಿನ್, ಅದರಿಂದ ಮೆಲಟೋನಿನ್ ತಯಾರಾಗುತ್ತದೆ. ತಯಾರಾದದ್ದನ್ನು ಗ್ರಂಥಿ ಕೂಡಿಡುವುದಿಲ್ಲ, ಆಗಿಂದಾಗ್ಗೆ ರಕ್ತಕ್ಕೆ ಬಿಡುತ್ತದೆ. ನೀವು ಮಾಮೂಲಾಗಿ ಮಲಗುವ ಹೊತ್ತಿಗೆ ಸುಮಾರು ಎರಡು ಗಂಟೆ ಮೊದಲು ಅದರ ಪ್ರಮಾಣ ಏರತೊಡಗಿ, ನಸುಕಿನ 2ರಿಂದ 4ರ ನಡುವೆ ತುತ್ತತುದಿ ಮುಟ್ಟಿ, ಬೆಳಗಾಗುತ್ತ ಇಳಿಯುತ್ತದೆ.

ಈ ಹಾರ್ಮೋನ್ ಸಿಕ್ಕ ಬಗೆಯೂ ಸ್ವಾರಸ್ಯಕರ. ದನದ ಪೀನಿಯಲ್ ಸಾರ ತಿಂದ ಕಪ್ಪೆಯ ಗೊದಮೊಟ್ಟೆಗಳು ಬಿಳಿಚಿಕೊಳ್ಳುವುದು 1917ರಲ್ಲೇ ಗೊತ್ತಾಗಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್, ತೊನ್ನಿಗೆ ಇದರಿಂದ ಔಷಧ ಸಿಗಬಹುದೆಂದು ಲಕ್ಷಕ್ಕೂ ಹೆಚ್ಚು ದನಗಳ ಗ್ರಂಥಿಗಳನ್ನು ಅರೆದು 1958ರಲ್ಲಿ ಆ ವಸ್ತುವನ್ನು ಬೇರ್ಪಡಿಸಿದರು. ತೊನ್ನಿಗೆ ಅದು ಕೆಲಸ ಮಾಡಲಿಲ್ಲ.

ನಿದ್ದೆಯ ಹಾರ್ಮೋನ್ ಅನ್ನುವುದು ಸರಿಯೇ?

ಅಡುಗೆಮನೆಯಲ್ಲಿ ರಾತ್ರಿಯೆಲ್ಲ ಓಡಾಡುವ ಇಲಿಯನ್ನೇ ನೋಡಿ. ಅದರ ರಕ್ತದಲ್ಲೂ ಮೆಲಟೋನಿನ್ ಏರುವುದು ರಾತ್ರಿಯೇ, ಅದು ಪೂರ್ತಿ ಎಚ್ಚರವಾಗಿರುವ ಹೊತ್ತಿನಲ್ಲಿ. ನಿದ್ದೆ ಹತ್ತಿಸುವ ವಸ್ತುವೇ ಆಗಿದ್ದರೆ ಇಲಿ ರಾತ್ರಿ ಬಿದ್ದುಕೊಂಡಿರಬೇಕಿತ್ತು. ಅಂದರೆ ಇದು ಕತ್ತಲೆಯ ಹಾರ್ಮೋನ್. ರಾತ್ರಿ ಉದ್ದವಾದಂತೆ ಮೆಲಟೋನಿನ್ ಇರುವ ಅವಧಿಯೂ ಉದ್ದವಾಗುವುದರಿಂದ ಪ್ರಾಣಿಗಳಿಗೆ ಋತುವೂ ತಿಳಿಯುತ್ತದೆ. ಎಮ್ಮೆಗಳು ಬೇಸಿಗೆಗಿಂತ ಹಗಲು ಕಿರಿದಾಗುವ ತಿಂಗಳುಗಳಲ್ಲೇ ಹೆಚ್ಚಾಗಿ ಬೆದೆಗೆ ಬರುವುದನ್ನು ಹೈನುಗಾರರು ಬಲ್ಲರು. ಅದರ ಹಿಂದೆ ಈ ಗ್ರಂಥಿಯ ಕೈವಾಡವಿದೆ.

ಪೀನಿಯಲ್‌ನ ಮಹತ್ವ ಅತಿ ಸ್ಪಷ್ಟವಾಗಿ ಕಾಣುವುದು ಬೆಳಕೇ ಕಾಣದ ಅಂಧರಲ್ಲಿ. ನಮ್ಮ ಒಳಗಿನ ಗಡಿಯಾರದ ದಿನ 24 ಗಂಟೆಗಿಂತ ತುಸು ಉದ್ದ. ದಿನವೂ ಬೆಳಕು ಅದನ್ನು ಸರಿಪಡಿಸುತ್ತದೆ. ಬೆಳಕು ತಲುಪದವರಲ್ಲಿ ಅದು ದಿನಕ್ಕಿಷ್ಟು ಎಂದು ಜಾರುತ್ತ ಹೋಗುತ್ತದೆ. ಕೆಲವು ವಾರ ಚೆನ್ನಾಗಿ ನಿದ್ದೆ, ಮುಂದಿನ ವಾರಗಳಲ್ಲಿ ರಾತ್ರಿ ಎಚ್ಚರ ಮತ್ತು ಹಗಲಲ್ಲಿ ತೂಕಡಿಕೆ. ಮನೆಯವರು ಇದನ್ನು ಸೋಮಾರಿತನ ಎಂದುಕೊಳ್ಳುವುದುಂಟು. ದಿನವೂ ಒಂದೇ ಹೊತ್ತಿಗೆ ಮೆಲಟೋನಿನ್ ಕೊಟ್ಟಾಗ ಇಂಥ 7 ಮಂದಿಯಲ್ಲಿ 6 ಮಂದಿಯ ಗಡಿಯಾರ 24 ಗಂಟೆಗೆ ಬಂದು ನಿಂತದ್ದನ್ನು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇನ್ನೊಂದು ಅಚ್ಚರಿ: ಏನೂ ಕಾಣದ ಕೆಲವರ ಕಣ್ಣಿನಲ್ಲೂ ಮೆಲನೋಪ್ಸಿನ್ ಕೋಶಗಳು ಉಳಿದಿರುತ್ತವೆ. 1995ರ ಅಧ್ಯಯನವೊಂದರಲ್ಲಿ 11 ಅಂಧರ ಪೈಕಿ 3 ಮಂದಿಯಲ್ಲಿ ಪ್ರಖರ ಬೆಳಕು ಮೆಲಟೋನಿನ್ ಅನ್ನು ತಗ್ಗಿಸಿತು. ಹಾಗಾಗಿ ದೃಷ್ಟಿಯಿಲ್ಲ ಎಂಬ ಒಂದೇ ಕಾರಣಕ್ಕೆ ಕಣ್ಣುಗುಡ್ಡೆಯನ್ನು ತೆಗೆಸುವ ಮುನ್ನ ವೈದ್ಯರೊಂದಿಗೆ ಇದನ್ನು ಚರ್ಚಿಸಬೇಕು.

ಗಮ್ಮಿ ತಿಂದರೆ ಏನಾಗುತ್ತದೆ?

ಈಗ ಮಾರುಕಟ್ಟೆಗೆ ಬರೋಣ. ರಾತ್ರಿ ಸಹಜವಾಗಿ ಇರುವ ಮಟ್ಟಕ್ಕೆ ರಕ್ತದ ಮೆಲಟೋನಿನ್ ಅನ್ನು ತರಲು ಸುಮಾರು 0.3 ಮಿಲಿಗ್ರಾಂ ಸಾಕು. ಅಂಗಡಿಯಲ್ಲಿ ಸಿಗುವುದು 5 ಅಥವಾ 10 ಮಿಲಿಗ್ರಾಂ. ಡಬ್ಬಿಯ ಮೇಲೆ ಬರೆದಷ್ಟೇ ಒಳಗಿದೆ ಎಂಬ ಖಾತರಿಯೂ ಇಲ್ಲ. ಅಮೆರಿಕದಲ್ಲಿ 25 ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್ ತಪ್ಪಾಗಿತ್ತು, ಒಂದರಲ್ಲಂತೂ ಮೆಲಟೋನಿನ್ ಇರಲೇ ಇಲ್ಲ. 2023ರಲ್ಲಿ ಈ ವರದಿ ಬಂತು.

ಹೊತ್ತು ತಪ್ಪಿದರೆ ಅದು ಉಲ್ಟಾ ಕೆಲಸವನ್ನೂ ಮಾಡುತ್ತದೆ. ಸಂಜೆ ತೆಗೆದುಕೊಂಡರೆ ಗಡಿಯಾರ ಮುಂದಕ್ಕೆ ಬಂದು ಬೇಗ ನಿದ್ದೆ ಬರುತ್ತದೆ, ಬೆಳಗಿನ ಹೊತ್ತು ತೆಗೆದುಕೊಂಡರೆ ಹಿಂದಕ್ಕೆ ಸರಿಯುತ್ತದೆ. ವಿದೇಶ ಪ್ರಯಾಣದ ಜೆಟ್ ಲ್ಯಾಗ್‌ಗೆ, ನಸುಕಿನವರೆಗೂ ನಿದ್ದೆ ಬಾರದ ತಡನಿದ್ದೆಯ ಸಮಸ್ಯೆಗೆ ಇದರಿಂದ ಉಪಯೋಗವಿದೆ. ಚಿಂತೆಯಿಂದಲೋ ನೋವಿನಿಂದಲೋ ನಿದ್ದೆಗೆಟ್ಟವರಿಗೆ ಲಾಭ ಬಹಳ ಕಡಿಮೆ. ವಯಸ್ಕರ ನಿದ್ರಾಹೀನತೆಗೆ ಇದನ್ನು ಬಳಸದಿರುವುದೇ ಲೇಸು ಎಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ಬ್ರಿಟನ್‌ನಲ್ಲಿ ವೈದ್ಯರ ಚೀಟಿಯಿಲ್ಲದೆ ಇದು ಸಿಗುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಖಿನ್ನತೆಯ ಕೆಲವು ಮಾತ್ರೆಗಳನ್ನು ನುಂಗುತ್ತಿರುವವರು, ಗರ್ಭಿಣಿಯರು ತಾವಾಗಿಯೇ ಇದನ್ನು ತಿನ್ನಬಾರದು. ಮಕ್ಕಳ ಕೈಗೆ ಸಿಗುವಂತೆ ಇಡುವುದಂತೂ ಬೇಡವೇ ಬೇಡ, ಚಾಕೊಲೇಟ್ ಎಂದುಕೊಂಡು ಅವು ಡಬ್ಬಿ ಖಾಲಿ ಮಾಡುತ್ತವೆ.

ಬೆಳಕಿನಲ್ಲಿ ಕಳೆಯುವ ರಾತ್ರಿ

ಪ್ರಖರ ಬೆಳಕು ಮನುಷ್ಯರಲ್ಲಿ ಮೆಲಟೋನಿನ್ ಅನ್ನು ತಡೆಯುತ್ತದೆ ಎಂಬುದು ಗೊತ್ತಾದದ್ದು 1980ರಲ್ಲಿ. ಅದಕ್ಕೆ ಅಷ್ಟು ಪ್ರಖರ ಬೆಳಕೂ ಬೇಕಿಲ್ಲ ಎಂಬುದು ಆಮೇಲೆ ತಿಳಿಯಿತು. 2011ರ ಅಧ್ಯಯನದ ಪ್ರಕಾರ, ಮಲಗುವ ಮುಂಚೆ ಮನೆಯ ಸಾಧಾರಣ ದೀಪದ ಬೆಳಕಿನಲ್ಲಿದ್ದರೂ ಮೆಲಟೋನಿನ್ ಏರುವುದು ತಡವಾಗಿ, ಅದು ರಕ್ತದಲ್ಲಿರುವ ಅವಧಿ ಸುಮಾರು 90 ನಿಮಿಷ ತಗ್ಗುತ್ತದೆ. ಎಲ್ಲರೂ ಬೈಯುವುದು ಮೊಬೈಲ್ ಪರದೆಯನ್ನು. ಆದರೆ ಮಲಗುವ ಮುನ್ನ ನಾಲ್ಕು ತಾಸು ಹೊಳೆಯುವ ಪರದೆಯಲ್ಲಿ ಓದಿದವರಿಗೂ ನಿದ್ದೆ ಹತ್ತಲು ಹೆಚ್ಚು ಹಿಡಿದದ್ದು ಸುಮಾರು 10 ನಿಮಿಷ ಮಾತ್ರ. ನನಗನ್ನಿಸುವಂತೆ, ನೆತ್ತಿಯ ಮೇಲೆ ಹನ್ನೆರಡರವರೆಗೂ ಉರಿಯುವ ಟ್ಯೂಬ್‌ಲೈಟ್ ಮೇಲೆ ಮೊದಲು ಗಮನ ಹರಿಯಬೇಕು. ಮುಂಬೈನ ಒಂದೇ ಕೋಣೆಯ ಮನೆಯಲ್ಲಿ ಒಬ್ಬರು ಓದಬೇಕು, ಇನ್ನೊಬ್ಬರು ಮಲಗಬೇಕು ಎಂದರೆ ಅದು ಸುಲಭವಲ್ಲ. ಓದುವವರಿಗೆ ಪುಸ್ತಕದ ಮೇಲಷ್ಟೇ ಬೀಳುವ ಹಳದಿ ಟೇಬಲ್ ಲ್ಯಾಂಪ್ ಕೊಟ್ಟರೆ ಅರ್ಧ ತೊಂದರೆ ಕಳೆಯುತ್ತದೆ.

ಪುಣೆಯ ಹಿಂಜೆವಾಡಿ, ಹೈದರಾಬಾದ್‌ನ ಹೈಟೆಕ್ ಸಿಟಿಯಲ್ಲಿ ರಾತ್ರಿ ಪಾಳಿ ಮಾಡುವ ನಮ್ಮವರ ಪಾಡು ಇನ್ನೂ ಕಷ್ಟದ್ದು. ಕತ್ತಲೆಯ ಸುದ್ದಿ ಹೊರಡಬೇಕಾದ ಹೊತ್ತಿನಲ್ಲಿ ಅವರು ಬೆಳಕಿನಡಿ ಕೂತಿರುತ್ತಾರೆ, ಮಲಗಬೇಕಾದಾಗ ಸೂರ್ಯ ನೆತ್ತಿಗೇರಿರುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ಬಗೆಯ ಕೆಲಸವನ್ನು 'ಕ್ಯಾನ್ಸರ್ ತರುವ ಸಂಭವ ಇರುವಂಥದ್ದು' ಎಂಬ ಗುಂಪಿಗೆ 2007ರಲ್ಲಿ ಸೇರಿಸಿ, 2019ರಲ್ಲಿ ಅದನ್ನೇ ಎತ್ತಿಹಿಡಿಯಿತು. ಇದಕ್ಕೆ ಮೆಲಟೋನಿನ್ ಕೊರತೆಯೇ ಕಾರಣ ಎಂದು ಸಾಬೀತಾಗಿಲ್ಲ. ಗಮ್ಮಿ ತಿಂದು ಅಪಾಯ ತಪ್ಪಿಸಿಕೊಳ್ಳಬಹುದು ಎಂಬುದಕ್ಕೂ ಆಧಾರವಿಲ್ಲ.

ಕೈಲಾದದ್ದೆಂದರೆ, ಪಾಳಿಯ ಮೊದಲರ್ಧದಲ್ಲಿ ಒಳ್ಳೆಯ ಬೆಳಕಿನಲ್ಲಿದ್ದು, ಬೆಳಿಗ್ಗೆ ಕ್ಯಾಬ್‌ನಲ್ಲಿ ಮರಳುವಾಗ ಕಪ್ಪು ಕನ್ನಡಕ ಹಾಕಿಕೊಂಡು, ದಪ್ಪ ಪರದೆ ಎಳೆದ ಕೋಣೆಯಲ್ಲಿ ಮಲಗುವುದು. ಬೈಕ್ ಓಡಿಸುವವರಿಗೆ ನಿದ್ದೆಗಣ್ಣಿನಲ್ಲಿ ಕಪ್ಪು ಕನ್ನಡಕದ ಸಲಹೆ ಬೇಡ. ವಾರವಾರಕ್ಕೆ ಪಾಳಿ ಬದಲಾದರೆ ಗಡಿಯಾರ ಯಾವುದಕ್ಕೂ ಹೊಂದಿಕೊಳ್ಳಲಾರದು. ಕಂಪನಿಯೊಂದಿಗೆ ಚೌಕಾಸಿ ಮಾಡಲು ಅವಕಾಶವಿದ್ದರೆ ಮಾಡಬೇಕಾದ್ದು ಇದರ ಬಗ್ಗೆ.

ಸ್ಕ್ಯಾನ್ ವರದಿಯಲ್ಲಿ ಪೀನಿಯಲ್ ಹೆಸರು ಕಂಡರೆ

ವಯಸ್ಸಾದಂತೆ ಪೀನಿಯಲ್‌ನಲ್ಲಿ ಕ್ಯಾಲ್ಸಿಯಂ ಹರಳು ಕಟ್ಟುವುದು ಸಾಮಾನ್ಯ. ಸಿಟಿ ಸ್ಕ್ಯಾನ್ ಇಲ್ಲದ ಕಾಲದಲ್ಲಿ ವೈದ್ಯರು ಎಕ್ಸ್‌ರೇಯಲ್ಲಿ ಈ ಬಿಳಿ ಚುಕ್ಕಿ ನಡುಗೆರೆಯಿಂದ ಸರಿದಿದೆಯೇ ಎಂದು ನೋಡಿ ಮೆದುಳಿನ ಗಡ್ಡೆಯನ್ನು ಊಹಿಸುತ್ತಿದ್ದರು. 'ಡಿಟಾಕ್ಸ್' ಮಾರುವವರು ಹೆದರಿಸುವುದು ಈ ಹರಳನ್ನೇ ತೋರಿಸಿ, ಟೂತ್‌ಪೇಸ್ಟ್‌ನ ಫ್ಲೋರೈಡ್ ಕಾರಣ ಎಂದು. ವಯಸ್ಸಾದವರ ಪೀನಿಯಲ್ ಹರಳಿನಲ್ಲಿ ಫ್ಲೋರೈಡ್ ಸೇರುವುದು ನಿಜ. ಯಾವುದೋ ಪುಡಿ ತಿಂದು ಹರಳು ಕರಗಿಸಬಹುದು ಎಂಬುದಕ್ಕೆ ಪುರಾವೆಯಿಲ್ಲ. ಪಾವಗಡ, ಕೋಲಾರದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್ ಹಲ್ಲು-ಮೂಳೆ ಕೆಡಿಸುತ್ತಿರುವುದು ಬೇರೆಯೇ ಮಾತು. ಅಲ್ಲಿ ಬೇಕಿರುವುದು ಶುದ್ಧ ನೀರು.

ತಲೆನೋವಿಗೆಂದು ಎಂಆರ್‌ಐ ಮಾಡಿಸಿದಾಗ 'ಪೀನಿಯಲ್ ಸಿಸ್ಟ್' ಎಂದು ಬರೆದದ್ದು ಕಂಡು ಗಾಬರಿಯಾಗುವವರು ಹಲವರು. ನೀರು ತುಂಬಿದ ಇಂಥ ಸಣ್ಣ ಚೀಲಗಳು ಆರೋಗ್ಯವಂತರಲ್ಲೂ ಇರುತ್ತವೆ, ಬಹುತೇಕ ನಿರುಪದ್ರವಿ. ಗಡ್ಡೆಗಳು ಅಪರೂಪ. ಆದರೆ ವಾಂತಿಯೊಂದಿಗೆ ಹೆಚ್ಚುತ್ತ ಹೋಗುವ ತಲೆನೋವು, ಒಂದು ಎರಡಾಗಿ ಕಾಣುವುದು, ಕಣ್ಣುಗಳನ್ನು ಮೇಲಕ್ಕೆತ್ತಿ ನೋಡಲಾಗದಿರುವುದು, ಪುಟ್ಟ ಹುಡುಗ ಅಕಾಲದಲ್ಲಿ ಪ್ರಾಯಕ್ಕೆ ಬರುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ನರರೋಗ ತಜ್ಞರನ್ನು ಕಾಣಿ. ಹೋಗುವಾಗ ಹಳೆಯ ಸ್ಕ್ಯಾನ್‌ನ ಫಿಲ್ಮ್ ಅಥವಾ ಸಿಡಿ ಇದ್ದರೆ ಜೊತೆಗೆ ಒಯ್ಯಿರಿ. ಸಿಸ್ಟ್ ಬೆಳೆದಿದೆಯೋ ಇಲ್ಲವೋ ಎಂದು ಹೇಳಲು ವೈದ್ಯರಿಗೆ ಅದು ಬೇಕಾಗುತ್ತದೆ.