ತಾತನ ಗುಂಡಿಗೆ ಮತ್ತು ಸಾವನದುರ್ಗದ ಏರು

ಮಾಗಡಿ ಸೀಮೆಯವರಿಗೆ ಸಾವನದುರ್ಗದ ಪರಿಚಯ ಹೇಳಬೇಕಾಗಿಲ್ಲ. ಸಮುದ್ರಮಟ್ಟದಿಂದ ಸುಮಾರು ೧೨೨೬ ಮೀಟರು ಎತ್ತರವಿರುವ ಆ ಬೋಳುಬಂಡೆಯನ್ನು ೨೦ರ ಮೊಮ್ಮಗನೂ ೬೫ರ ತಾತನೂ ಜೊತೆಯಾಗಿ ಏರತೊಡಗಿದರೆನ್ನಿ. ಅರ್ಧದಾರಿಯಲ್ಲಿ ತಾತ ಏದುತ್ತ ಕುಳಿತುಬಿಡುತ್ತಾರೆ. “ವಯಸ್ಸಾಯಿತಪ್ಪ, ನೀನು ಹೋಗು” ಎನ್ನುತ್ತಾರೆ. ವಯಸ್ಸಾಯಿತೆಂದರೆ ಗುಂಡಿಗೆಯಲ್ಲಿ ಆದುದೇನು?

ಸುಮ್ಮನೆ ಕುಳಿತಿರುವಾಗ ಇಬ್ಬರ ಹೃದಯಗಳಿಗೂ ಹೆಚ್ಚಿನ ಭೇದವಿಲ್ಲ. ಮಿನಿಟಿಗೆ ಎಪ್ಪತ್ತರ ಆಸುಪಾಸಿನಲ್ಲಿ ಮಿಡಿಯುತ್ತ, ಮಿಡಿತಕ್ಕೆ ೭೦ ಮಿಲಿಲೀಟರಿನಂತೆ, ಹತ್ತಿರಹತ್ತಿರ ೫ ಲೀಟರು ರಕ್ತವನ್ನು ನೂಕುತ್ತವೆ. ಏರು ಹತ್ತುವಾಗಲೇ ಭೇದ ಬಯಲಾಗುವುದು. ಕಾಲಿನ ಸ್ನಾಯುಗಳು ಆಮ್ಲಜನಕವನ್ನು ಬೇಡಿದಾಗ ತರುಣನ ಹೃದಯವು ಮಿನಿಟಿಗೆ ೨೦೦ ಸಲದವರೆಗೆ ಮಿಡಿದು ೨೦ ಲೀಟರಿನಷ್ಟು ರಕ್ತವನ್ನು ಒದಗಿಸಬಲ್ಲುದು. ೬೫ರಲ್ಲಿ ಮಿಡಿತದ ಗರಿಷ್ಠ ಮಿತಿ ಸರಾಸರಿ ೧೫೫ಕ್ಕೆ ಇಳಿದಿರುತ್ತದೆ. ಅಡ್ರಿನಲಿನ್ ರಸವು ಎಷ್ಟೇ ಅವಸರಪಡಿಸಿದರೂ ಮುಪ್ಪಿನ ಹೃದಯ ಮೊದಲಿನಂತೆ ಓಗೊಡುವುದಿಲ್ಲ. ಅದು ಬೇರೊಂದು ಉಪಾಯ ಹೂಡುತ್ತದೆ: ಪ್ರತಿ ಮಿಡಿತಕ್ಕೂ ಹೆಚ್ಚು ರಕ್ತವನ್ನು ತುಂಬಿಕೊಂಡು ನೂಕಲೆಳಸುತ್ತದೆ. ಆದರೆ ವರ್ಷಗಳು ಕಳೆದಂತೆ ಹೃದಯದ ಕೆಳಕೋಣೆಗಳಾದ ಹೃತ್ಕುಕ್ಷಿಗಳ ಗೋಡೆ ಬಿರುಸಾಗಿ, ಸಡಿಲಗೊಳ್ಳಲು ತಡಮಾಡುವುದರಿಂದ ಈ ಉಪಾಯಕ್ಕೂ ಮಿತಿಯುಂಟು. (ಏದುಸಿರಿನೊಡನೆ ಎದೆ ಹಿಂಡಿದಂತಾದರೆ, ತಲೆ ಸುತ್ತಿದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯದೆ ವೈದ್ಯರಿಗೆ ತೋರಿಸಬೇಕು.)

ಹಾಗಾದರೆ ತಾತನ ಮಾತು ಸರಿಯೆ? ಅರ್ಧ ಮಾತ್ರ. ವಯಸ್ಸಿನ ಪಾಲೆಷ್ಟು, ಕುಳಿತು ಕಳೆದ ಬಾಳಿನ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಲು ಅಮೆರಿಕದ ಡಲ್ಲಾಸ್ ನಗರದ ಪ್ರಯೋಗವೊಂದು ನೆರವಾಗುತ್ತದೆ. ೧೯೬೬ರಲ್ಲಿ ಅಲ್ಲಿ ಇಪ್ಪತ್ತರ ಪ್ರಾಯದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲಿಯೇ ಮಲಗಿಸಿದರು. ಕಠಿಣಶ್ರಮದಲ್ಲಿ ಅವರ ದೇಹ ಬಳಸಬಲ್ಲ ಆಮ್ಲಜನಕದ ಪ್ರಮಾಣವು ಅಷ್ಟರಲ್ಲೇ ಕಾಲು ಭಾಗಕ್ಕಿಂತ ಹೆಚ್ಚಾಗಿ ಕುಗ್ಗಿತು. ಮೂವತ್ತು ವರ್ಷಗಳ ತರುವಾಯ, ೧೯೯೬ರಲ್ಲಿ, ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷಗಳಲ್ಲಿ ಆದ ಇಳಿತವು ಆ ಮೂರು ವಾರಗಳ ಇಳಿತಕ್ಕಿಂತ ಕಡಿಮೆಯಾಗಿತ್ತು!

ಅನಂತರ ಆರು ತಿಂಗಳು ಅವರು ನಡಿಗೆ, ಮೆಲ್ಲೋಟ, ಸೈಕಲ್ ತುಳಿತಗಳನ್ನು ಕ್ರಮಕ್ರಮವಾಗಿ ಹೆಚ್ಚಿಸಿಕೊಂಡರು. ವಯಸ್ಸು ಕಸಿದುಕೊಂಡಿದ್ದ ಶಕ್ತಿ ಹಿಂದಿರುಗಿತು. ವಿಚಿತ್ರವೆಂದರೆ, ಹೃದಯವು ನೂಕುವ ರಕ್ತದ ಗರಿಷ್ಠ ಮೊತ್ತ ಹೆಚ್ಚಿರಲಿಲ್ಲ. ಬಂದಷ್ಟು ರಕ್ತದಿಂದಲೇ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳುವುದನ್ನು ಸ್ನಾಯುಗಳು ಕಲಿತಿದ್ದವು. ಅವರಿಗಾಗ ಐವತ್ತರ ಪ್ರಾಯ. ನಮ್ಮ ತಾತನ ವಯಸ್ಸಿನವರಲ್ಲಿಯೂ ಅಭ್ಯಾಸದಿಂದ ಶ್ರಮಶಕ್ತಿ ಹೆಚ್ಚುವುದುಂಟು. ಬಿರುಸಾದ ಹೃದಯದ ಗೋಡೆ ಮಾತ್ರ ಅಷ್ಟು ಹೊತ್ತಿಗೆ ಸುಲಭವಾಗಿ ಮೆದುವಾಗದು.