ವರ್ಷದ ದುಡಿಮೆ, ನಾಲ್ಕು ದಿನದ ಪರೀಕ್ಷೆ: ರೇಸ್ ಟ್ರ್ಯಾಕ್‌ನಾಗ ಕಾರು ಕೈಕೊಡೋದು ಯಾಕ?

ಗೋಕಾಕ: ಕಬ್ಬಿನ ಹಂಗಾಮಿನಾಗ ಎರಡು ಟ್ರೇಲರ್ ಜಗ್ಗಿಕೊಂಡು ಹೊಂಟ ಟ್ರ್ಯಾಕ್ಟರ್ ನಡುರಸ್ತೆಯಾಗ ನಿಂತರ ಕಾರಣ ಏನಿರ್ತದ? ಎಂಜಿನ್ ಸೀಜ್ ಆಗಿರೋದು ಅಪರೂಪ. ಟ್ರೇಲರಿನ ಪಿನ್ ಮುರಿದಿರ್ತದ, ಹೋಸ್ ಪೈಪ್ ಒಡೆದಿರ್ತದ, ಇಲ್ಲಾಂದ್ರ ಡೀಸೆಲ್ ಪೈಪಿನಾಗ ಗಾಳಿ ಹೊಕ್ಕಿರ್ತದ. ರೇಸ್ ಕಾರಿನ ಕತೆಯೂ ಹೆಚ್ಚುಕಡಿಮೆ ಇದೇ. ವರ್ಷಗಟ್ಟಲೆ ನಿದ್ದೆಗೆಟ್ಟು ಕಾರು ಕಟ್ಟಿದ ಹುಡುಗರ ತಂಡ ಟ್ರ್ಯಾಕಿಗೆ ಹೋಗಿ, ಒಂದು ಸಡಿಲಾದ ನಟ್ಟಿನಿಂದಲೋ, ಸುಟ್ಟ ವೈರಿನಿಂದಲೋ ಕೈಚೆಲ್ಲಿ ಕುಳಿತುಕೊಳ್ಳುವುದು ಈ ಕ್ರೀಡೆಯಲ್ಲಿ ಹೊಸದಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಸಾಕಷ್ಟು ವಿದ್ಯಾರ್ಥಿಗಳು ನಿಡಸೋಸಿ, ಬೆಳಗಾವಿ, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಾರೆ. ಮೆಕ್ಯಾನಿಕಲ್ ಓದುವ ಹುಡುಗರಿಗೆ ರೇಸ್ ಕಾರು ಕಟ್ಟುವ ಆಸೆ ಸಹಜ. ಆದರೆ ಟ್ರ್ಯಾಕಿನಲ್ಲಿ ಏನೇನು ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಹಣವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಅದರ ಪೂರ್ತಿ ವಿವರ ಇಲ್ಲಿದೆ.

ಯಾವ ಸ್ಪರ್ಧೆ, ಎಲ್ಲಿ?

ದೇಶದಲ್ಲಿ ವಿದ್ಯಾರ್ಥಿ ತಂಡಗಳಿಗೆ ಮುಖ್ಯವಾಗಿ ಎರಡು ಬಗೆಯ ಸ್ಪರ್ಧೆಗಳಿವೆ. ಮೊದಲನೆಯದು ಬಾಹಾ. 2007ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಶುರುವಾಯಿತು. ಕಲ್ಲು, ಮಣ್ಣು, ದಿಬ್ಬದ ಮೇಲೆ ಓಡುವ ಒಬ್ಬರೇ ಕೂರುವ ಗಾಡಿಯನ್ನು ವಿದ್ಯಾರ್ಥಿಗಳೇ ಕಟ್ಟಬೇಕು. ಪೆಟ್ರೋಲ್ ವಿಭಾಗದಲ್ಲಿ ಬಹುಕಾಲ ಎಲ್ಲ ತಂಡಗಳಿಗೂ ಒಂದೇ ನಮೂನೆಯ 305 ಸಿಸಿ, 10 ಎಚ್‌ಪಿ ಎಂಜಿನ್ ಇತ್ತು. ಆ ಎಂಜಿನ್ ಬಿಚ್ಚಿ ಶಕ್ತಿ ಹೆಚ್ಚಿಸುವಂತಿಲ್ಲ. ಹೀಗಾಗಿ ಉಳಿದ ಕಾರು ಎಷ್ಟು ಗಟ್ಟಿ ಎಂಬುದರ ಮೇಲೇ ಸೋಲು-ಗೆಲುವು.

ಎರಡನೆಯದು ಫಾರ್ಮುಲಾ ಸ್ಟೂಡೆಂಟ್ ಮಾದರಿಯದು. ಡಾಂಬರ್ ಟ್ರ್ಯಾಕ್ ಮೇಲೆ ಓಡುವ, ನೆಲಕ್ಕೆ ಹತ್ತಿಕೊಂಡಂತಿರುವ ಸಣ್ಣ ಕಾರು ಇದು. ಇದರ ಭಾರತದ ಸ್ಪರ್ಧೆ ಫಾರ್ಮುಲಾ ಭಾರತ್ ನಡೆದದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ. ಈ ಕಾರುಗಳಿಗೆ ಸಾಮಾನ್ಯವಾಗಿ ಬೈಕಿನ ಎಂಜಿನ್ ಕೂಡಿಸುತ್ತಾರೆ.

ಗೋಕಾಕದಿಂದ ಕೊಯಮತ್ತೂರು ಎಂಟುನೂರು ಕಿಲೋಮೀಟರಿಗೂ ದೂರ. ಮನೆಯಲ್ಲಿ ಮರೆತುಬಂದ ಒಂದು ಬೇರಿಂಗ್ ತರಿಸಲು ಹೊತ್ತಿರುವುದಿಲ್ಲ. ಅಲ್ಲಿಗೆ ಏನು ಒಯ್ದಿರುತ್ತೀರೋ ಅಷ್ಟೇ ನಿಮ್ಮ ಗ್ಯಾರೇಜ್.

ಮೊದಲ ಗಂಡಾಂತರ: ತಪಾಸಣೆ

ಟ್ರ್ಯಾಕಿಗೆ ಹೋದ ಕೂಡಲೇ ಕಾರು ಓಡಿಸಲು ಬಿಡುವುದಿಲ್ಲ. ಮೊದಲು ತಪಾಸಣೆ. ಚೌಕಟ್ಟಿನ ಪೈಪಿನ ದಪ್ಪ, ವೆಲ್ಡಿಂಗ್, ಸೀಟ್ ಬೆಲ್ಟ್, ಬೆಂಕಿ ಆರಿಸುವ ಸಿಲಿಂಡರ್, ಎಂಜಿನ್ ಬಂದ್ ಮಾಡುವ ಸ್ವಿಚ್, ಹೀಗೆ ಪಟ್ಟಿ ಹಿಡಿದು ಒಂದೊಂದನ್ನೂ ನೋಡುತ್ತಾರೆ. ಬೆಲ್ಟ್ ಬಿಗಿದು ಕುಳಿತ ಚಾಲಕ 5 ಸೆಕೆಂಡಿನೊಳಗೆ ಕಾರಿನಿಂದ ಹೊರಗೆ ಬರಬೇಕು.

ಫಾರ್ಮುಲಾ ಮಾದರಿಯ ಕಾರಿಗೆ ಇನ್ನೊಂದು ಪರೀಕ್ಷೆ ಉಂಟು. ಚಾಲಕನನ್ನು ಕೂರಿಸಿ ಇಡೀ ಕಾರನ್ನು 60 ಡಿಗ್ರಿ ವಾರೆ ಮಾಡುತ್ತಾರೆ. ಒಂದು ಹನಿ ಪೆಟ್ರೋಲ್, ಆಯಿಲ್, ನೀರು ಸೋರಬಾರದು. ಗಾಲಿ ನೆಲ ಬಿಟ್ಟು ಏಳಬಾರದು. ಆಮೇಲೆ ಸದ್ದಿನ ಪರೀಕ್ಷೆ. ಕೊನೆಗೆ ಬ್ರೇಕ್ ಪರೀಕ್ಷೆ: ವೇಗವಾಗಿ ಬಂದು ಬ್ರೇಕ್ ಒತ್ತಿದರೆ ನಾಲ್ಕೂ ಗಾಲಿ ಒಟ್ಟಿಗೆ ಲಾಕ್ ಆಗಬೇಕು, ಕಾರು ನೆಟ್ಟಗೆ ನಿಲ್ಲಬೇಕು.

ಎಷ್ಟೋ ತಂಡಗಳ ಸ್ಪರ್ಧೆ ಇಲ್ಲೇ ಮುಗೀತದ. ಬ್ರೇಕ್ ಪೈಪಿನಾಗ ಒಂದಿಷ್ಟು ಗಾಳಿ ಉಳಿದಿದ್ದರೂ ಪೆಡಲ್ ಮೆತ್ತಗಾಗಿ ಮೂರೇ ಗಾಲಿ ಲಾಕ್ ಆಗ್ತಾವ. ಮತ್ತ ಬಿಚ್ಚು, ಗಾಳಿ ತೆಗಿ, ಮತ್ತ ಸರದಿಗೆ ನಿಲ್ಲು. ಈ ಓಡಾಟದಾಗ ಒಂದು ದಿನ ಹೋದರ ಮುಂದಿನ ಸುತ್ತಿಗೆ ಹೊತ್ತೇ ಉಳಿಯೂದಿಲ್ಲ.

ಶಾಖ: ಕಣ್ಣಿಗೆ ಕಾಣದ ವೈರಿ

ಕಾಲೇಜು ಆವರಣದಲ್ಲಿ ಹತ್ತು ನಿಮಿಷ ಓಡಿಸಿದಾಗ ಎಲ್ಲವೂ ಸರಿ ಇರುತ್ತದೆ. ಟ್ರ್ಯಾಕಿನಲ್ಲಿ ಬಿಸಿಲಿಗೆ ಅರ್ಧ ತಾಸು ಎಡೆಬಿಡದೆ ಓಡಿದಾಗ ನಿಜ ಬಣ್ಣ ಬಯಲಾಗುತ್ತದೆ.

ನೀರು ಬಯಲಲ್ಲಿ 100 ಡಿಗ್ರಿಯ ಆಸುಪಾಸು ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒಳಗಿನ ಒತ್ತಡ ಹಿಡಿದಿಟ್ಟುಕೊಂಡರೆ ಆ ಅಂಕಿ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲೇರುತ್ತದೆ. ಮುಚ್ಚಳದ ರಬ್ಬರ್ ಹಳೆಯದಾಗಿದ್ದರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿದು ಹೊರಗೆ ಚೆಲ್ಲುತ್ತದೆ. ಎಂಜಿನ್ ಗರಂ ಆಗಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಸಣ್ಣ ಮುಚ್ಚಳ, ದೊಡ್ಡ ಖರ್ಚು.

ಬ್ರೇಕ್ ಆಯಿಲ್‌ನದು ಇದೇ ಗತಿ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ಡಾಟ್ 4ಕ್ಕೆ 230 ಡಿಗ್ರಿ. ಆದರೆ ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಸೇರಿದ ಮೇಲೆ ಮಾನದಂಡದ ಅಂಕಿ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155 ಡಿಗ್ರಿಗೆ ಇಳಿಯುತ್ತದೆ. ಮೇಲಿಂದ ಮೇಲೆ ಬ್ರೇಕ್ ಹಾಕಿದಾಗ ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಗಾಲಿಗೆ ಬಲ ಮುಟ್ಟುವುದಿಲ್ಲ. ಪೆಡಲ್ ನೆಲಕ್ಕೆ ಹತ್ತಿದರೂ ಕಾರು ನಿಲ್ಲುವುದಿಲ್ಲ. ಹೋದ ವರ್ಷ ಮುಚ್ಚಳ ತೆರೆದಿಟ್ಟ ಆಯಿಲ್ ಡಬ್ಬಿಯನ್ನೇ ಈ ವರ್ಷವೂ ಸುರಿಯುವುದು ಅದಕ್ಕೇ ಅಪಾಯ.

ನಡುಕ: ನಟ್ ತಾನಾಗೇ ಬಿಚ್ಚೋದು ಹೆಂಗ?

ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸುತ್ತು. ಒಂದೇ ಸಿಲಿಂಡರಿನ ಎಂಜಿನ್ ಆದರೆ ನಡುಕ ಇನ್ನೂ ಜಾಸ್ತಿ. ಈ ನಡುಕದಲ್ಲಿ ಬಿಗಿದ ನಟ್ ಕೂಡ ಕೂದಲೆಳೆಯಷ್ಟು ಜಾರುತ್ತ ಜಾರುತ್ತ ಸಡಿಲಾಗುತ್ತದೆ.

ಇದಕ್ಕೆ ಹಳೆಯ ಉಪಾಯಗಳೇ ಗಟ್ಟಿ. ಒಳಗೆ ನೈಲಾನ್ ಬಳೆ ಇರುವ ನಟ್ ಹಾಕುವುದು. ಅದನ್ನು ಬಿಚ್ಚಿದ ಮೇಲೆ ಹಿಡಿತ ಕಡಿಮೆ ಆಗುವುದರಿಂದ ಮತ್ತೆ ಅದನ್ನೇ ಹಾಕದಿರುವುದು. ಎಂಜಿನ್ನಿನ ಬಿಸಿ ಜಾಗದಲ್ಲಿ ನೈಲಾನ್ ಕರಗುತ್ತದೆ, ಅಲ್ಲಿ ಪೂರ್ತಿ ಲೋಹದ ಲಾಕ್ ನಟ್ ಬೇಕು. ಬೋಲ್ಟಿನ ಕನಿಷ್ಠ ಎರಡು ಥ್ರೆಡ್ ನಟ್ಟಿನ ಹೊರಗೆ ಕಾಣಬೇಕು. ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಪೇಂಟಿನ ಒಂದು ಗೆರೆ ಎಳೆಯಬೇಕು. ಗೆರೆ ಮುರಿದು ಕಂಡರೆ ನಟ್ ತಿರುಗಿದೆ ಎಂದರ್ಥ. ಪಾನಾ ಹಚ್ಚದೆ, ಒಂದು ಸುತ್ತು ಕಣ್ಣಾಡಿಸಿದರೆ ಸಾಕು, ಪತ್ತೆ ಆಗ್ತದ.

ಬಾಹಾ ಗಾಡಿಯಲ್ಲಿ ನಡುಕದ ಜೊತೆಗೆ ಕಲ್ಲು-ದಿಬ್ಬದ ಏಟೂ ಸೇರುತ್ತದೆ. ಹೆಚ್ಚಾಗಿ ಮುರಿಯುವುದು ಗಾಲಿ ಹಿಡಿದಿಡುವ ತೋಳುಗಳು, ಸ್ಟೇರಿಂಗಿನ ಟೈ ರಾಡ್, ಅವುಗಳ ತುದಿಯ ಜಾಯಿಂಟ್. ಗೇರಿನ ಬದಲು ಬೆಲ್ಟ್ ಇದ್ದರೆ ಅದು ಜಾರಿ, ಕಾಯ್ದು, ಹರಿಯುತ್ತದೆ.

ವೈರಿಂಗ್: ಕೊನೆಗೆ ಮಾಡೋ ಕೆಲಸ, ಮೊದಲು ಕೆಡೋ ಕೆಲಸ

ಚೌಕಟ್ಟು, ಎಂಜಿನ್, ಗಾಲಿ ಎಲ್ಲ ಮುಗಿದ ಮೇಲೆ, ಹೊರಡುವ ಹಿಂದಿನ ರಾತ್ರಿ ವೈರಿಂಗ್ ಮಾಡುವ ತಂಡಗಳೇ ಬಹಳ. ಟೇಪ್ ಸುತ್ತಿದ ಜೋಡಣೆ ಸೈಲೆನ್ಸರ್ ಪಕ್ಕ ಹಾದುಹೋಗಿರುತ್ತದೆ. ಕಾವಿಗೆ ಟೇಪ್ ಬಿಡುತ್ತದೆ, ವೈರ್ ಚೌಕಟ್ಟಿಗೆ ತಾಗಿ ಫ್ಯೂಸ್ ಹಾರುತ್ತದೆ.

ವೈರಿಂಗ್ ದೋಷದ ತೊಂದರೆ ಏನೆಂದರೆ ಅದು ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಪಿಟ್‌ನಲ್ಲಿ ನಿಂತಾಗ ಎಲ್ಲ ಸರಿ, ತಿರುವಿನಲ್ಲಿ ಕುಲುಕಿದಾಗ ಎಂಜಿನ್ ಬಂದ್. ಹುಡುಕುತ್ತ ಕುಳಿತರೆ ಅರ್ಧ ದಿನ ಕಳೆಯುತ್ತದೆ. ಪ್ರತಿ ವೈರಿಗೂ ಬಣ್ಣ, ನಂಬರ್ ಹಾಕಿ, ಒಂದು ಹಾಳೆಯಲ್ಲಿ ನಕ್ಷೆ ಬರೆದಿಟ್ಟ ತಂಡ ಇದೇ ದೋಷವನ್ನು ಬೇಗ ಹಿಡಿಯುತ್ತದೆ.

ಕೊನೆಯ ಪರೀಕ್ಷೆ: ತಾಳಿಕೆಯ ಓಟ

ಬಾಹಾದಲ್ಲಿ ಕೊನೆಯ ದಿನ 4 ತಾಸಿನ ಓಟ. ಅಷ್ಟರಲ್ಲಿ ಯಾರು ಹೆಚ್ಚು ಸುತ್ತು ಹಾಕುತ್ತಾರೋ ಅವರಿಗೆ ಹೆಚ್ಚು ಅಂಕ. ನಡುವೆ ಕೆಟ್ಟರೆ ಪಿಟ್‌ಗೆ ತಂದು ರಿಪೇರಿ ಮಾಡಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ.

ಫಾರ್ಮುಲಾ ಮಾದರಿಯಲ್ಲಿ ನಿಯಮ ಇನ್ನೂ ಬಿಗಿ. ಸುಮಾರು 22 ಕಿಲೋಮೀಟರ್ ಓಟ. ಅರ್ಧ ದಾರಿಯಲ್ಲಿ ಎಂಜಿನ್ ಬಂದ್ ಮಾಡಿ ಚಾಲಕ ಬದಲಾಗಬೇಕು, ಅದಕ್ಕೆ 3 ನಿಮಿಷ. ಆಗ ರಿಪೇರಿಗೆ ಅವಕಾಶವಿಲ್ಲ. ಮತ್ತೆ ಸ್ಟಾರ್ಟ್ ಆಗದಿದ್ದರೆ, ಏನಾದರೂ ಸೋರುವುದು ಕಂಡರೆ ಆಟ ಮುಗಿಯಿತು. ಒಟ್ಟು ಅಂಕಗಳಲ್ಲಿ ಸುಮಾರು ಕಾಲು ಭಾಗ ಈ ಒಂದೇ ಓಟಕ್ಕೆ ಇರುವುದರಿಂದ ಪೆಟ್ಟು ದೊಡ್ಡದು.

ಈ ಮೂರು ನಿಮಿಷದಲ್ಲಿ ಕಾರು ಕೈಕೊಡುವುದಕ್ಕೆ ಕಾರಣವಿದೆ. ಓಡುವಾಗ ಗಾಳಿ, ನೀರು ಎರಡೂ ಎಂಜಿನ್ನನ್ನು ತಂಪಾಗಿಡುತ್ತವೆ. ಬಂದ್ ಮಾಡಿದ ಕೂಡಲೇ ಎರಡೂ ನಿಲ್ಲುತ್ತವೆ, ಒಳಗಿನ ಕಾವು ಸುತ್ತಲಿನ ಪೈಪುಗಳಿಗೆ ಹರಡುತ್ತದೆ. ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತದೆ. ಬ್ಯಾಟರಿ ಸಣ್ಣದಿದ್ದರೆ ನಾಲ್ಕು ಸಲ ಸೆಲ್ಫ್ ಹೊಡೆಯುವಷ್ಟರಲ್ಲಿ ಖಾಲಿ. ಬ್ಯಾಸಿಗ್ಯಾಗ ದೂರ ಓಡಿಸಿದ ಬೈಕ್ ನಿಲ್ಲಿಸಿ ಕೂಡಲೇ ಕಿಕ್ ಹೊಡೆದರ ಸ್ಟಾರ್ಟ್ ಆಗದೇ ಸತಾಯಿಸ್ತದಲ್ಲ, ಅದೇ ಇದು. ಆದ್ದರಿಂದ ಊರಲ್ಲೇ ಕಾರನ್ನು ಚೆನ್ನಾಗಿ ಕಾಯಿಸಿ, ಮೂರು ನಿಮಿಷ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ ನೋಡುವುದು ಎಲ್ಲಕ್ಕಿಂತ ಉಪಯೋಗದ ತಾಲೀಮು.

ಇದು ಹವ್ಯಾಸಿಗಳಿಗಷ್ಟೇ ಬರುವ ಸಂಕಟವಲ್ಲ. 2016ರ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ತಾಸಿನ ರೇಸಿನಲ್ಲಿ ಟೊಯೊಟಾದ 5ನೇ ನಂಬರ್ ಕಾರು ಮುಂದಿತ್ತು. ಸುಮಾರು ಮೂರು ನಿಮಿಷ ಉಳಿದಿದ್ದಾಗ ಶಕ್ತಿ ಕಳೆದುಕೊಂಡು ನಿಂತೇಬಿಟ್ಟಿತು. ಗೆಲುವು ಪೋರ್ಶೆ ಪಾಲಾಯಿತು. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಗಾಳಿ ಪೈಪಿನ ಒಂದು ಜೋಡಣೆ ಕೆಟ್ಟದ್ದೇ ಕಾರಣ ಎಂದು ಕಂಪನಿ ಆಮೇಲೆ ತಿಳಿಸಿತು. ಅಷ್ಟು ದೊಡ್ಡ ಕಂಪನಿಯ ಕಾರನ್ನೂ ಒಂದು ಪೈಪ್ ಜೋಡಣೆ ನಿಲ್ಲಿಸಿತು.

ಹೊರಡುವ ಮೊದಲು ಏನು ಮಾಡಬೇಕು?

* ಸ್ಪರ್ಧೆಗೆ ಕನಿಷ್ಠ ಒಂದು ತಿಂಗಳ ಮೊದಲು ಕಾರು ಓಡಬೇಕು. ಆ ತಿಂಗಳಲ್ಲಿ ಊರಲ್ಲಿ ಮುರಿದದ್ದೆಲ್ಲ ಲಾಭ, ಟ್ರ್ಯಾಕಿನಲ್ಲಿ ಮುರಿಯುವುದು ತಪ್ಪಿತು ಅಂತಲೇ ಲೆಕ್ಕ.
* ತಪಾಸಣೆಯ ಪಟ್ಟಿಯನ್ನು ಕಾಲೇಜಿನಲ್ಲೇ, ಬೇರೆ ವಿಭಾಗದ ಹುಡುಗರ ಕೈಯಿಂದ ಮಾಡಿಸಬೇಕು. ಕಟ್ಟಿದವರ ಕಣ್ಣಿಗೆ ತಮ್ಮ ದೋಷ ಕಾಣುವುದಿಲ್ಲ.
* ಒಮ್ಮೆ ಮುರಿದ ಭಾಗದ ಎರಡು ಜೋಡಿ ಹೆಚ್ಚುವರಿ ಒಯ್ಯಬೇಕು. ಹೋಸ್, ಕ್ಲಿಪ್, ಫ್ಯೂಸ್, ವೈರ್, ಪ್ಲಗ್, ಬೆಲ್ಟ್, ಬೇರಿಂಗ್, ಸೀಲ್ ಮಾಡಿದ ಹೊಸ ಬ್ರೇಕ್ ಆಯಿಲ್ ಇರಲೇಬೇಕು.
* ಪ್ರತಿ ಕೆಲಸಕ್ಕೂ ಒಬ್ಬನ ಹೆಸರು ಬರೆದಿಡಬೇಕು. ಗಾಲಿಯ ನಟ್ ಬಿಗಿದವ ಸಹಿ ಹಾಕಬೇಕು. ‘ಅಂವ ಬಿಗಿದಿರ್ತಾನ ಬಿಡು’ ಅನ್ನೋ ಮಾತಿನಿಂದಲೇ ಗಾಲಿ ಕಳಚೋದು.
* ರಾತ್ರಿ ಮಲಗಬೇಕು. ಮೂರು ರಾತ್ರಿ ನಿದ್ದೆ ಇಲ್ಲದವನ ಕೈಯಾಗಿನ ಪಾನಾ ನಂಬಬಾರದು.

ಕೈಗುಣ ನಮ್ಮಲ್ಲೇ ಇದೆ

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆ ಎರಕದ ಕಾರ್ಖಾನೆಗಳಿವೆ, ಮಷಿನ್ ಶಾಪ್‌ಗಳಿವೆ. ನಮ್ಮ ತಾಲೂಕುಗಳ ಟ್ರ್ಯಾಕ್ಟರ್ ಗ್ಯಾರೇಜಿನ ಮಿಸ್ತ್ರಿಗಳು ಸದ್ದು ಕೇಳಿಯೇ ಬೇರಿಂಗ್ ಹೋಗಿದ್ದನ್ನು ಹೇಳಬಲ್ಲರು. ವಿದ್ಯಾರ್ಥಿ ತಂಡಗಳು ಕಂಪ್ಯೂಟರಿನಲ್ಲಿ ಬರೆದ ನಕ್ಷೆಯನ್ನು ಒಮ್ಮೆ ಅಂಥ ಮಿಸ್ತ್ರಿಗೆ ತೋರಿಸಿದರೆ, ‘ಇಲ್ಲಿ ಪಾನಾ ಹೋಗೂದಿಲ್ಲ ತಮ್ಮಾ’ ಎಂಬ ಒಂದೇ ಮಾತು ಟ್ರ್ಯಾಕಿನಲ್ಲಿ ಎರಡು ತಾಸು ಉಳಿಸಬಹುದು.

ದೇಶದ ರೇಸಿಂಗ್ ಬೆಳೆದದ್ದೂ ಇದೇ ದಾರಿಯಲ್ಲಿ. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದಲ್ಲಿ ಮಾರುತಿ 800 ಎಂಜಿನ್ ಕೂಡಿಸಿ ಕಡಿಮೆ ಖರ್ಚಿನ ರೇಸ್ ಕಾರು ಕಟ್ಟಿದರು. ಬೇಕಾದ ಭಾಗ ಎಲ್ಲ ಊರಲ್ಲೂ ಸಿಗಬೇಕು, ಕೆಟ್ಟರೆ ಊರ ಮಿಸ್ತ್ರಿಯೇ ರಿಪೇರಿ ಮಾಡುವಂತಿರಬೇಕು, ಇದೇ ಅಂಥ ಕಾರಿನ ಅನುಕೂಲ. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಕೊಯಮತ್ತೂರಿನ ಟ್ರ್ಯಾಕಿಗೆ ಅವರದೇ ಹೆಸರಿದೆ.

ರಸ್ತೆ ಮೇಲೆ ಬ್ಯಾಡ

ಮೇಲೆ ಹೇಳಿದ ದೋಷಗಳೆಲ್ಲ ಟ್ರ್ಯಾಕಿನಲ್ಲಿ ಆದರೆ ಕಾರು ನಿಲ್ಲುತ್ತದೆ, ಹೆಚ್ಚೆಂದರೆ ಪಕ್ಕದ ಮಣ್ಣಿಗೆ ಹೋಗುತ್ತದೆ. ಅಲ್ಲಿ ಹೆಲ್ಮೆಟ್, ಬೆಲ್ಟ್, ಬೆಂಕಿ ಆರಿಸುವವರು, ಆಂಬುಲೆನ್ಸ್ ಇರುತ್ತಾರೆ. ಅದೇ ಕುದಿದ ಬ್ರೇಕ್ ಆಯಿಲ್, ಅದೇ ಸಡಿಲ ನಟ್ ಊರ ರಸ್ತೆಯಲ್ಲಿ ಕೈಕೊಟ್ಟರೆ ಎದುರಿಗೆ ಇರುವುದು ಸಾಲಿಗೆ ಹೋಗುವ ಮಕ್ಕಳು, ಸಂತೆಯಿಂದ ಬರುವ ಹೆಣ್ಣುಮಕ್ಕಳು.

ಸರಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನ ರೇಸ್ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. 2019ರ ತಿದ್ದುಪಡಿ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ.

ವೇಗದ ಆಸೆ ಇರುವವರಿಗೆ ದಾರಿ ಹತ್ತಿರದಲ್ಲೇ ಇದೆ. ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ಸಿಗುವ ಕೊಲ್ಹಾಪುರದ ಕಾರ್ಟಿಂಗ್ ಟ್ರ್ಯಾಕಿನಲ್ಲಿ ರಾಷ್ಟ್ರಮಟ್ಟದ ಸುತ್ತುಗಳು ನಡೆದಿವೆ. ಅಧಿಕೃತ ರೇಸಿನಲ್ಲಿ ಓಡಿಸಲು ದೇಶದ ಮೋಟಾರು ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು. ಎಂಜಿನಿಯರಿಂಗ್ ಓದುತ್ತಿರುವವರು ತಮ್ಮ ಕಾಲೇಜಿನಲ್ಲಿ ಬಾಹಾ ಅಥವಾ ಫಾರ್ಮುಲಾ ತಂಡ ಇದೆಯೇ ಎಂದು ಮೊದಲ ವರ್ಷದಲ್ಲೇ ವಿಚಾರಿಸುವುದು ಒಳ್ಳೆಯದು. ಕಾರು ಓಡಿಸುವ ಸರದಿ ಬರುವ ಮೊದಲು ಒಂದೆರಡು ವರ್ಷ ಪಾನಾ ಹಿಡಿಯಬೇಕಾಗುತ್ತದೆ. ಆ ವರ್ಷಗಳಲ್ಲಿ ಕಲಿತದ್ದೇ ಆಮೇಲೆ ನೌಕರಿಗೂ ಒದಗುತ್ತದೆ.